ಬಾಯಿಗೆ ಏನೂ ಕೊಡಬಾರದು

ನೋಲಾ ಸ್ಟಿಡಮ್ ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಎಂಬುದು ಮಿಲ್‌ಸ್ಟೋನ್ ಕಣಿವೆಗೆಲ್ಲ ಗೊತ್ತಿತ್ತು. ಚರ್ಚಿನ ಸಾಮೂಹಿಕ ಊಟದಲ್ಲಿ ಯಾರಾದರೂ ಹೆಂಗಸು ಆಸೆಯಿಂದ ಹತ್ತಿರ ಬಂದು, "ನನ್ನ ಮೆಕ್ಕೆಜೋಳದ ಬ್ರೆಡ್ ಹೆಂಗಿದೆ ನೋಲಾ?" ಎಂದು ಕೇಳಿದರೆ, "ಒಣಗೋಗಿದೆ ಕಣೇ, ಗಂಟ್ಲಲ್ಲಿ ಇಳೀತಿಲ್ಲ" ಎಂದುಬಿಡುತ್ತಿದ್ದಳು. ಹಾಗೆಂದು ಎರಡನೆಯ ತುಂಡನ್ನೂ ತಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಕೇಳಿದವಳು ವಾರವಿಡೀ ಮುಖ ಗಂಟು ಹಾಕಿಕೊಂಡು ಓಡಾಡಿ, ಆಮೇಲೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಮೊದಲು ಫೋನ್ ಮಾಡುತ್ತಿದ್ದುದು ನೋಲಾಗೇ. ಡಾಕ್ಟರು ಏನೇ ಹೇಳಲಿ, "ನೋಲಾ ಏನಂದ್ಲು?" ಎಂದು ಕೇಳಿಕೊಂಡ ಮೇಲೆಯೇ ಆ ಕಣಿವೆಯವರು ಮಾತ್ರೆ ನುಂಗುತ್ತಿದ್ದರು.

ಈ ಗುಣ ಅವಳಿಗೆ ತಂದೆಯಿಂದ ಬಂದದ್ದಲ್ಲ, ತಂದೆಯನ್ನು ನೋಡಿ ಬಂದದ್ದು. ಅಪ್ಪ ಹೋಬರ್ಟ್ ಕಲ್ಲಿದ್ದಲು ಗಣಿಯಲ್ಲಿದ್ದ. ಸುರಂಗದ ಚಾವಣಿಯನ್ನು ಸಲಾಕೆಯಿಂದ ಕುಟ್ಟಿ ನೋಡುವುದು ಗಣಿಯವರ ಪದ್ಧತಿ. ಬಂಡೆ ಸಡಿಲಾಗಿದ್ದರೆ ಟೊಳ್ಳು ಸದ್ದು ಬರುತ್ತದೆ. ಒಂದು ದಿನ ಆ ಟೊಳ್ಳು ಸದ್ದು ಹೋಬರ್ಟನ ಕಿವಿಗೆ ಬಿತ್ತು. ಹೇಳಿದರೆ ಕೆಲಸ ನಿಲ್ಲುತ್ತದೆ, ಕೆಲಸ ನಿಲ್ಲಿಸಿದವನನ್ನು ಮೇಸ್ತ್ರಿ ಮರುದಿನವೇ ಮನೆಗೆ ಕಳಿಸುತ್ತಾನೆ. ಹೋಬರ್ಟ್ ಬಾಯಿ ಬಿಡಲಿಲ್ಲ. ವಾರ ಕಳೆಯುವಷ್ಟರಲ್ಲಿ ಅದೇ ಚಾವಣಿ ಅವನ ಜೊತೆಗಾರನ ಮೇಲೆ ಕುಸಿದುಬಿತ್ತು. ಅಲ್ಲಿಂದ ಸಾಯುವ ತನಕ, ಆ ಜೊತೆಗಾರನ ಹೆಂಡತಿ ಪೇಟೆಯಲ್ಲಿ ಎದುರಾದರೆ ಹೋಬರ್ಟ್ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಚಿಕ್ಕವಳಾಗಿದ್ದ ನೋಲಾ ಅಪ್ಪನ ಕೈ ಹಿಡಿದು ತಾನೂ ದಾಟುತ್ತಿದ್ದಳು. ಯಾಕೆಂದು ಗೊತ್ತಾದ ಮೇಲೆ ಆ ಕೈ ಹಿಡಿಯುವುದನ್ನು ಬಿಟ್ಟಳು.

ಶಾಲೆ ಮುಗಿದೊಡನೆ ಊರ ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವ ಕೆಲಸಕ್ಕೆ ಸೇರಿದವಳು ಓದಿಕೊಂಡು ನರ್ಸಾದಳು. ಗಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಪೂರ್ವ ಕೆಂಟಕಿಯ ಆ ಊರಿನಲ್ಲಿ ಸಂಬಳವೆಂಬುದು ಸಿಗುತ್ತಿದ್ದುದು ಶಾಲೆಯಲ್ಲಿ, ಜೈಲಿನಲ್ಲಿ, ಇಲ್ಲವೇ ಆಸ್ಪತ್ರೆಯಲ್ಲಿ. ಅವಳ ಗಂಡ ಲೊವೆಲ್ ಗಣಿಯ ಧೂಳು ತುಂಬಿದ ಶ್ವಾಸಕೋಶ ಇಟ್ಟುಕೊಂಡು, ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿಕೊಂಡು ಮನೆಯಲ್ಲಿ ಕೂತಿದ್ದ. ಅವನ ಔಷಧಿ, ಆಕ್ಸಿಜನ್ ಎಲ್ಲವೂ ಅವಳ ಕೆಲಸದ ವಿಮೆಯಲ್ಲಿ ನಡೆಯಬೇಕು. "ಬೇರೆ ಗಂಡಸ್ರು ಹೆಂಡ್ತಿ ಕೈಯಡುಗೆ ತಿಂದು ಬದುಕ್ತಾರೆ. ನಾನು ಹೆಂಡ್ತಿ ವಿಮೆ ಉಸಿರಾಡ್ಕೊಂಡು ಬದುಕಿದೀನಿ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು. ಆದರೂ ನಗುತ್ತಿದ್ದ.

ಹೊಸದೊಂದು ಕಾನೂನಿನ ಸುದ್ದಿ ಆಸ್ಪತ್ರೆಗೆ ತಂದವಳು ಗ್ವೆನ್ ಪ್ರೇಟರ್. ತಾನೂ ನರ್ಸಾಗಿದ್ದು ಆಮೇಲೆ ರೋಗಿಗಳ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಯಾದವಳು. ಒಂದು ಬೆಳಿಗ್ಗೆ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿದಳು.

"ಇಲ್ಲಿವರ್ಗೂ ಒಂದೂ ತಪ್ಪು ಮಾಡ್ದೇ ಇರೋರು ಯಾರಾದ್ರೂ ಇದ್ರೆ ಎದ್ದು ಹೋಗ್ಬಹುದು" ಎಂದಳು. ಯಾರೂ ಏಳಲಿಲ್ಲ. "ಸರಿ, ಹಂಗಾದ್ರೆ ಕೇಳಿ. ಇನ್ಮೇಲೆ ಏನಾದ್ರೂ ಎಡವಟ್ಟಾದ್ರೆ, ಆಗೋದ್ರಲ್ಲಿತ್ತು ಅಂದ್ರೂನೂ, ಬರ್ದು ನನಗೆ ಕೊಡಿ. ನಾನು ಅದನ್ನ ದೂರದಲ್ಲೊಂದು ಆಫೀಸಿಗೆ ಕಳಿಸ್ತೀನಿ. ಎಷ್ಟೋ ಆಸ್ಪತ್ರೆಗಳಿಂದ ಹಿಂಗೇ ತರಿಸ್ಕೊಂಡು ಓದಿ, ಏನು ಮಾಡಿದ್ರೆ ಜನ ಸಾಯಲ್ಲ ಅಂತ ಹೇಳ್ತಾರೆ ಅವ್ರು. ನೀವು ಬರ್ದಿದ್ದು ಬೀಗದೊಳಗಿರುತ್ತೆ. ಯಾವ ವಕೀಲನೂ ಅದನ್ನ ಕೋರ್ಟಲ್ಲಿ ಎತ್ತಿ ತೋರ್ಸೋ ಹಾಗಿಲ್ಲ. ಬರ್ದಿದ್ದಕ್ಕೆ ನಿಮ್ಮನ್ನ ಕೆಲ್ಸದಿಂದ ತೆಗೆಯೋ ಹಾಗಿಲ್ಲ. ವಾಷಿಂಗ್ಟನ್ನಲ್ಲಿ ಮಾಡಿರೋ ಕಾನೂನು ಇದು."

"ವಾಷಿಂಗ್ಟನ್ನೋರು ನಮಗೆ ರಸ್ತೆ ಮಾಡ್ಕೊಡ್ತೀವಿ ಅಂತಾನೂ ಅಂದಿದ್ರು" ಎಂದು ಹಿಂದಿನಿಂದ ಯಾರೋ ಹೇಳಿದರು. ಎಲ್ಲರೂ ನಕ್ಕರು. ನೋಲಾ ನಗಲಿಲ್ಲ. ಅಪ್ಪನ ಕಾಲದಲ್ಲಿ ಇಂಥದ್ದೊಂದು ಕಾನೂನು ಇದ್ದಿದ್ದರೆ ಅಪ್ಪ ಬಾಯಿ ಬಿಡುತ್ತಿದ್ದ, ಆ ಜೊತೆಗಾರ ಬದುಕುತ್ತಿದ್ದ ಎಂದು ಅವಳಿಗನಿಸಿತು. ಸಭೆ ಮುಗಿದ ಮೇಲೆ ಗ್ವೆನ್‌ಳನ್ನು ತಬ್ಬಿಕೊಂಡಳು. ಗ್ವೆನ್‌ಗೆ ಯಾಕೆಂದು ಅರ್ಥವಾಗದಿದ್ದರೂ ಅವಳ ಕಣ್ಣೂ ಒದ್ದೆಯಾಯಿತು. ಗ್ವೆನ್ ಆ ಕಾನೂನನ್ನು ಮನಸಾರೆ ನಂಬಿದ್ದಳು. ಮುಂದಾದದ್ದನ್ನೆಲ್ಲ ನೆನೆದಾಗಲೂ ಅವಳನ್ನು ಕೆಟ್ಟವಳೆಂದು ಬೈಯಲು ಬಾಯಿ ಬರುವುದಿಲ್ಲ.

ಎಲ್ಲರಿಗಿಂತ ಮೊದಲು ಬರೆದವಳು ನೋಲಾ. ಬರೆದದ್ದು ಕೊಕ್ಕೆಗಳ ವಿಷಯ.

ಆಸ್ಪತ್ರೆಗೆ ಸೇರಿದ ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ಪಟ್ಟಿ ಕಟ್ಟುತ್ತಾರೆ. ಅದರ ಮೇಲೆ ಹೆಸರು ಮತ್ತು ಕಪ್ಪು ಗೆರೆಗಳು. ಔಷಧಿ ಕೊಡುವ ಮುನ್ನ ಆ ಗೆರೆಗಳನ್ನು ಸ್ಕ್ಯಾನರಿಗೆ ಓದಿಸಬೇಕು. ರೋಗಿ ಮತ್ತು ಔಷಧಿ ಎರಡೂ ತಾಳೆಯಾದರೆ ಕಂಪ್ಯೂಟರ್ ಹಸಿರು ಬಣ್ಣ ತೋರಿಸುತ್ತದೆ. ಚೆಂದದ ಏರ್ಪಾಟು. ಆದರೆ ನೋಲಾಳ ವಾರ್ಡಿನ ಸ್ಕ್ಯಾನರಿನ ವೈರು ಗಿಡ್ಡ, ಕಂಪ್ಯೂಟರಿನ ಗಾಡಿ ಅಗಲ, ಹಳೇ ಕೋಣೆಗಳ ಬಾಗಿಲು ಕಿರಿದು. ರೋಗಿಯ ಕೈ ಸ್ಕ್ಯಾನರಿಗೆ ಎಟುಕುತ್ತಿರಲಿಲ್ಲ. ಅದಕ್ಕೆ ನರ್ಸುಗಳು ಪ್ರತಿ ರೋಗಿಗೂ ಎರಡನೆಯ ಪಟ್ಟಿ ಅಚ್ಚು ಹಾಕಿ, ಔಷಧಿ ಕಟ್ಟೆಯ ಮೇಲಿನ ಗೋಡೆಗೆ ಕೋಣೆ ನಂಬರಿನ ಕೊಕ್ಕೆ ಹೊಡೆದು, ಅದಕ್ಕೆ ನೇತುಹಾಕಿಬಿಟ್ಟಿದ್ದರು. ಕೊಕ್ಕೆಯ ಪಟ್ಟಿಯನ್ನು ಅಲ್ಲೇ ಓದಿಸಿ, ಹಸಿರು ನೋಡಿಕೊಂಡು ಕೋಣೆಗೆ ಹೋಗುವುದು. ಮೇಲಿನವರೆಲ್ಲ ಕಂಡಿದ್ದರು, ಕಂಡೂ ಸುಮ್ಮನಿದ್ದರು. ಹಾಗೆ ಮಾಡದಿದ್ದರೆ ಸಂಜೆಯ ಔಷಧಿ ಕೊಟ್ಟು ಮುಗಿಸುವಷ್ಟರಲ್ಲಿ ಬೆಳಗಾಗುತ್ತಿತ್ತು. ನೋಲಾ ಕೂಡ ಹಾಗೇ ಮಾಡುತ್ತಿದ್ದಳು. ಮಾಡುತ್ತಲೇ, ಇದು ಒಂದಲ್ಲ ಒಂದು ದಿನ ಯಾರನ್ನಾದರೂ ಕೊಲ್ಲುತ್ತದೆ ಎಂದು ಬರೆದುಕೊಟ್ಟಳು. ಮತ್ತೆ ಬರೆದಳು. ಪ್ರತಿ ಸಲವೂ ಧನ್ಯವಾದ ಬಂತು. ವೈರಿಲ್ಲದ ಸ್ಕ್ಯಾನರ್ ಮುಂದಿನ ವರ್ಷ ಬರುತ್ತದೆ ಎಂಬ ಉತ್ತರವೂ ಬಂತು. ಸ್ಕ್ಯಾನರ್ ಮಾತ್ರ ಬರಲಿಲ್ಲ.

ಒಂದು ಮಾರ್ಚಿ ತಿಂಗಳ ದಿನ ವಾರ್ಡಿನಲ್ಲಿ ಇಬ್ಬರು ಕಾಡಿಲ್‌ಗಳಿದ್ದರು. ಅದರಲ್ಲಿ ವಿಶೇಷವೇನಿಲ್ಲ, ಆ ಜಿಲ್ಲೆಯಲ್ಲಿ ಸುಮ್ಮನೆ ಕಲ್ಲೆಸೆದರೂ ಅದು ಒಬ್ಬ ಕಾಡಿಲ್‌ಗೆ ತಾಗುತ್ತದೆ. ಆರನೇ ಕೋಣೆಯಲ್ಲಿದ್ದವಳು ಐನಾ ಕಾಡಿಲ್, ಸಕ್ಕರೆ ಕಾಯಿಲೆಯ ಮುದುಕಿ. ಎಂಟನೆಯದರಲ್ಲಿ ಇಮೊಜೀನ್ ಕಾಡಿಲ್, ಪಿತ್ತಕೋಶದ ಕಲ್ಲು, ಬೆಳಿಗ್ಗೆ ಆಪರೇಷನ್. ಅವಳ ಬಾಗಿಲಿಗೆ 'ಬಾಯಿಗೆ ಏನೂ ಕೊಡಬಾರದು' ಎಂಬ ಬೋರ್ಡು ಹಾಕಿತ್ತು. ಮಧ್ಯಾಹ್ನ ಆರನೇ ಕೋಣೆಯ ಹೀಟರ್ ಕೆಟ್ಟಿತು. ಐನಾ ಚಳಿ ಚಳಿ ಎಂದು ಗೋಳಾಡುವುದು ಗೋಡೆಯಾಚೆಗೆ ಕೇಳಿಸಿ, ಇಮೊಜೀನ್ ತಾನೇ ನರ್ಸನ್ನು ಕರೆದು, "ಪಾಪ, ಆ ಮುದುಕಮ್ಮನ್ನ ಇಲ್ಲಿಗೆ ಕರ್ಕೊಂಡ್ಬನ್ನಿ, ನಾನು ಅಲ್ಲಿಗೆ ಹೋಗ್ತೀನಿ. ನನಗೆ ಹೆಂಗೂ ಮೈಯೆಲ್ಲ ಸೆಖೆ" ಎಂದಳು. ಕೋಣೆ ಅದಲುಬದಲಾಯಿತು. ಬಾಗಿಲಿನ ಬೋರ್ಡು ಬದಲಾಯಿತು. ಗೋಡೆಯ ಕೊಕ್ಕೆಗಳಲ್ಲಿದ್ದ ಪಟ್ಟಿಗಳು ಮಾತ್ರ ಇದ್ದಲ್ಲೇ ಉಳಿದವು.

ನೋಲಾ ಆ ದಿನ ವಾರ್ಡಿನ ಇನ್ನೊಂದು ಭಾಗದಲ್ಲಿ ಕೆಲಸ ಮಾಡುತ್ತಿದ್ದಳು, ಕೋಣೆ ಬದಲಾದದ್ದು ಅವಳಿಗೆ ಗೊತ್ತಿರಲಿಲ್ಲ. ಈ ಭಾಗದ ನರ್ಸು ಮಗುವಿಗೆ ಜ್ವರವೆಂದು ಮನೆಗೆ ಹೋದದ್ದರಿಂದ ಸಂಜೆಯ ಔಷಧಿ ಕೊಡಲು ಇವಳನ್ನು ಕರೆಸಿದರು. ಆರನೇ ಕೊಕ್ಕೆಯ ಪಟ್ಟಿ ತೆಗೆದು ಓದಿಸಿದಳು. ಐನಾ ಕಾಡಿಲ್, ಇನ್ಸುಲಿನ್, ಹಸಿರು. ಆರನೇ ಕೋಣೆಗೆ ಹೋದಳು. ಬಾಗಿಲ ಬೋರ್ಡು ಕಣ್ಣಿಗೆ ಬಿತ್ತು. ಹಿಂದೆ ಇದ್ದವರದ್ದನ್ನು ಯಾರೋ ತೆಗೆದಿಲ್ಲ ಎಂದುಕೊಂಡಳು. ಕಂಪ್ಯೂಟರ್ ಹಸಿರು ತೋರಿಸಿತ್ತಲ್ಲ. ಹಾಸಿಗೆಯಲ್ಲಿದ್ದವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಕಾಡಿಲ್ ಅಮ್ಮಾ?"

"ಹೂಂ ಕಣವ್ವ."

"ಒಂದು ಸೂಜಿ ಕೊಡ್ತೀನಿ."

"ಕೊಡು. ಬೆಳಿಗ್ಗೆಯಿಂದ ಚುಚ್ಚಿಸ್ಕೊಂಡು ಚುಚ್ಚಿಸ್ಕೊಂಡು ಜರಡಿ ಆಗಿದೀನಿ" ಎಂದಳು ಇಮೊಜೀನ್. ಸೂಜಿ ತೆಗೆದ ಮೇಲೆ, "ನಿನ್ನ ಕೈ ಬೆಚ್ಚಗಿದೆ ಕಣವ್ವ" ಎಂದಳು.

ಮರುದಿನ ನೋಲಾ ಡ್ಯೂಟಿಗೆ ಬಂದಾಗ ಆರನೇ ಕೋಣೆಯ ಮುಂದೆ ಜನ ಸೇರಿತ್ತು. ಇಮೊಜೀನ್‌ಳನ್ನು ಎಬ್ಬಿಸಲು ಹೋದರೆ ಏಳಲಿಲ್ಲ. ರಾತ್ರಿಯ ನರ್ಸು ಬೆವರನ್ನು ಜ್ವರದ ಬೆವರೆಂದುಕೊಂಡಿದ್ದಳು. ರಕ್ತದಲ್ಲಿ ಸಕ್ಕರೆಯೇ ಇರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲದ ಹೆಂಗಸಿಗೆ ಇದು ಹೇಗಾಯಿತು ಎಂದು ಡಾಕ್ಟರು ತಲೆ ಚಚ್ಚಿಕೊಳ್ಳುತ್ತಿದ್ದರು. ಎಂಟನೇ ಕೋಣೆಯಿಂದ, "ನೆನ್ನೆ ಸಂಜೆ ನನಗೆ ಸೂಜೀನೇ ಕೊಡ್ಲಿಲ್ಲ" ಎಂಬ ಐನಾಳ ಗೊಣಗಾಟ ಕೇಳಿಸಿತು. ನೋಲಾ ಗೋಡೆಯ ಕಡೆ ತಿರುಗಿ ಕೊಕ್ಕೆಗಳನ್ನು ನೋಡಿದಳು. ಆರನೆಯದರಲ್ಲಿ ಇನ್ನೂ ಐನಾಳ ಪಟ್ಟಿಯೇ ನೇತಾಡುತ್ತಿತ್ತು.

ಓಡಿಹೋಗಿ ಡಾಕ್ಟರಿಗೆ ಹೇಳಿದಳು. ಅವರು ಮಾಡಬೇಕಾದ್ದೆಲ್ಲ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಇಮೊಜೀನ್ ತೀರಿಕೊಂಡಳು.

ನೋಲಾ ಇಮೊಜೀನ್‌ಳ ಕೇಸ್ ಶೀಟ್ ತೆರೆದು, ಹಿಂದಿನ ಸಂಜೆ ತಾನು ಕೊಟ್ಟದ್ದನ್ನು ಬರೆಯಲು ಕೂತಳು. ಗ್ವೆನ್ ಬಂದು ಅವಳ ಕೈಮೇಲೆ ಕೈಯಿಟ್ಟಳು.

"ಅಲ್ಲಿ ಬೇಡ ನೋಲಾ. ನನಗೆ ಬರ್ದುಕೊಡು."

"ಇದು ಅವಳ ಮೈಯೊಳಗೆ ಹೋಗಿರೋದು ಗ್ವೆನ್. ಅವಳ ಕೇಸ್ ಶೀಟಲ್ಲಿ ಇರ್ಬೇಕಲ್ವಾ?"

"ಇರುತ್ತೆ. ವಕೀಲ್ರು ಬರ್ತಾರೆ, ಅವ್ರನ್ನ ಕೇಳಿ ಆಮೇಲೆ ಹಾಕೋಣ. ಈಗ ನನಗೆ ಬರ್ದುಕೊಡು, ಎಲ್ಲಾನೂ. ಅದು ನಿನ್ನನ್ನ ಕಾಯುತ್ತೆ ಕಣೇ."

ನೋಲಾ ಎಲ್ಲವನ್ನೂ ಬರೆದಳು. ಕೊಕ್ಕೆ, ಪಟ್ಟಿ, ಬೋರ್ಡು, ಬೆಚ್ಚಗಿನ ಕೈ, ಒಂದನ್ನೂ ಬಿಡಲಿಲ್ಲ. ಅದು ಬೀಗದೊಳಗೆ ಹೋಯಿತು. ಗ್ವೆನ್ ಹೇಳಿದ ಆ 'ಆಮೇಲೆ' ಬರಲೇ ಇಲ್ಲ. ಐನಾಳ ಕೇಸ್ ಶೀಟಿನಲ್ಲಿ ಇನ್ಸುಲಿನ್ ಕೊಟ್ಟಿದೆ ಎಂದು ಕಂಪ್ಯೂಟರ್ ತಾನೇ ದಾಖಲಿಸಿಕೊಂಡಿತ್ತು. ಇಮೊಜೀನ್‌ಳದ್ದರಲ್ಲಿ ಡಾಕ್ಟರೂ ಸಕ್ಕರೆ ಇಳಿದದ್ದನ್ನಷ್ಟೇ ಬರೆದಿದ್ದರು, ಇನ್ಸುಲಿನ್ನಿನ ಮಾತಿರಲಿಲ್ಲ.

ಲೆಕ್ಸಿಂಗ್ಟನ್ನಿನಿಂದ ಬಂದ ವಕೀಲ ಬಹಳ ಮರ್ಯಾದಸ್ಥ. ನೋಲಾಗೆ ಕುರ್ಚಿ ಎಳೆದುಕೊಟ್ಟ, ಕಾಫಿ ತರಿಸಿದ.

"ನೀವು ಬರ್ದಿರೋದಕ್ಕೆ ಕಾನೂನಿನ ರಕ್ಷಣೆ ಇದೆ ಮೇಡಂ. ಅದರಲ್ಲಿರೋ ವಿಷಯ ಹೊರಗೆ ಮಾತಾಡ್ಬೇಡಿ. ಮಾತಾಡಿದ್ರೆ ನಿಮ್ಮ ಲೈಸೆನ್ಸು, ನಿಮ್ಮ ಕೆಲ್ಸ, ಇದಕ್ಕೆಲ್ಲ ನಾನು ಜವಾಬ್ದಾರಿ ತಗೊಳ್ಳೋಕಾಗಲ್ಲ."

"ಅವಳ ಗಂಡನಿಗೆ ಯಾರು ಹೇಳ್ತಾರೆ?"

"ಆಸ್ಪತ್ರೆಯವ್ರು ಹೇಳ್ತಾರೆ. ಅದು ನಿಮಗೆ ಬೇಡ."

ಆಸ್ಪತ್ರೆಯವರು ಹೇಳಿದರು. ಮೆತ್ತನೆಯ ಸೋಫಾ ಇರುವ ಕೋಣೆಯಲ್ಲಿ ಕೂರಿಸಿ, ಕಣ್ಣೊರೆಸಿಕೊಳ್ಳಲು ಕಾಗದದ ಪೆಟ್ಟಿಗೆ ಪಕ್ಕದಲ್ಲಿಟ್ಟು, ಉಪವಾಸವಿದ್ದಾಗ ಕಾಯಿಲೆಯ ಮೈಯಲ್ಲಿ ಕೆಲವು ಸಲ ಸಕ್ಕರೆ ಹೀಗೆ ಇಳಿದುಬಿಡುತ್ತದೆ ಎಂದರು. ಹೇಳಿದವರ ನಾಲಿಗೆ ಒಂದಿಷ್ಟೂ ತೊದಲಲಿಲ್ಲವಂತೆ.

ಮಣ್ಣು ಮಾಡಿದ ವಾರವೇ ಇಮೊಜೀನ್‌ಳ ಗಂಡ ಆರ್ವಿಲ್ ಕಾಡಿಲ್ ನೋಲಾಳನ್ನು ಹುಡುಕಿಕೊಂಡು ಬಂದ. ಆಸ್ಪತ್ರೆಯ ಹೊರಗೆ ಕಾರು ನಿಲ್ಲಿಸುವ ಕಡೆ, ಕೈಯಲ್ಲಿ ಟೋಪಿ ಹಿಡಿದು ಕಾಯುತ್ತಿದ್ದ. ಬೇರೆ ಕಣಿವೆಯವನು, ಎತ್ತರದ ಆಳು, ಹಿಂದೆ ಗಣಿಯಲ್ಲಿದ್ದವನು.

"ನೋಲಾ ಸ್ಟಿಡಮ್ ಅಲ್ವೇನವ್ವ ನೀನು? ಅವತ್ತು ಸಂಜೆ ನೀನೇ ಇದ್ದಿದ್ದಂತೆ. ನೀನು ಇದ್ದಿದ್ದನ್ನ ಇದ್ದಂಗೆ ಹೇಳ್ತೀಯ ಅಂತಾರೆ ಜನ. ಒಂದೇ ಒಂದು ಮಾತು ಕೇಳ್ತೀನಿ."

"ಕೇಳಿ ಅಣ್ಣ."

"ಅವತ್ತು ಸಂಜೆ ನಾನು ಕೆಳಗೆ ಹೋಗಿ ಕಾಫಿ ಕುಡ್ದು ಮೇಲಕ್ಕೆ ಬಂದೆ. ಸ್ವಲ್ಪ ಹೊತ್ತಿಗೆಲ್ಲ ಅವ್ಳು, 'ಆರ್ವಿಲ್, ಮೈಯೆಲ್ಲ ನಡುಗ್ತಿದೆ ಕಣೋ, ನಿನ್ನ ಜೇಬಲ್ಲಿರೋ ಪೆಪ್ಪರ್‌ಮೆಂಟ್ ಒಂದು ಕೊಡೋ' ಅಂದ್ಲು. ನಾನು ಬಾಗಿಲ ಬೋರ್ಡು ತೋರಿಸ್ದೆ. ಮತ್ತೆ ಕೇಳಿದ್ಲು. 'ಚಿಕ್ಕ ಮಕ್ಳ ಥರ ಹಠ ಮಾಡ್ಬೇಡ ಇಮೊಜೀನ್, ನಾಳೆ ಆಪರೇಷನ್ ಆಗ್ಲಿ, ಚೀಲ ತುಂಬ ತಂದುಕೊಡ್ತೀನಿ' ಅಂದೆ. ಮುನಿಸ್ಕೊಂಡು ಗೋಡೆ ಕಡೆ ತಿರುಗಿ ಮಲ್ಕೊಂಡ್ಲು." ಅವನು ಕೋಟಿನ ಜೇಬನ್ನು ಮುಟ್ಟಿ ತೋರಿಸಿದ. "ಇಲ್ಲೇ ಇತ್ತು ಕಣವ್ವ. ಸಕ್ಕರೆ ಇಳ್ದು ಸತ್ಲು ಅಂತಾರೆ ಡಾಕ್ಟ್ರು. ಹಂಗಾದ್ರೆ ನಾನೇ ಕೊಂದಂಗಾಯ್ತು. ಅಲ್ವಾ? ಬೇರೆ ಏನಾದ್ರೂ ಆಗಿತ್ತಾ? ನೀನು ಹೇಳು, ನಾನು ನಂಬ್ತೀನಿ."

ನೋಲಾಳ ಬಾಯಿಗೆ ಮಾತು ಬಂದಿತ್ತು. ಮನೆಯಲ್ಲಿ ಕೂತಿದ್ದ ಲೊವೆಲ್‌ನ ಮೂಗಿನ ನಳಿಕೆ ಕಣ್ಣ ಮುಂದೆ ಬಂತು. ವಕೀಲನ ಮರ್ಯಾದೆಯ ಮುಖವೂ ಬಂತು.

"ಕೇಸ್ ಶೀಟಲ್ಲಿರೋದಷ್ಟೇ ಅಣ್ಣ. ಬೇರೆ ಏನೂ ಆಗಿಲ್ಲ."

"ಏನೂ ಆಗಿಲ್ಲ ಅಂತೀಯ."

"ಏನೂ ಆಗಿಲ್ಲ."

ಅವನು ತಲೆಯಾಡಿಸಿ, ಟೋಪಿ ಹಾಕಿಕೊಂಡು, "ನಿಜ ಹೇಳ್ದೆಯಲ್ಲ, ಅಷ್ಟು ಸಾಕವ್ವ" ಎಂದು ತನ್ನ ಟ್ರಕ್ಕಿನ ಕಡೆ ನಡೆದ.

ಅಂದು ಮನೆಯಲ್ಲಿ ನೋಲಾ ಗಂಡನ ಮುಂದೆ ಎಲ್ಲವನ್ನೂ ಬಿಚ್ಚಿಟ್ಟಳು. ಲೊವೆಲ್ ಬಹಳ ಹೊತ್ತು ಉಸಿರು ಕೂಡಿಸಿಕೊಂಡು, "ಹೋಗಿ ಹೇಳ್ಬಿಡು. ನನ್ನ ಲೆಕ್ಕ ಇಟ್ಕೋಬೇಡ. ಇವತ್ತಲ್ಲ ನಾಳೆ ಹೋಗೋ ಪ್ರಾಣ" ಎಂದ. ಅವನು ಹಾಗೆಂದದ್ದರಿಂದಲೇ ಅವಳಿಗೆ ಹೋಗಲಾಗಲಿಲ್ಲ. ಹಾಗೆನ್ನುವ ಗಂಡನ ಉಸಿರನ್ನು ತನ್ನ ಕೈಯಾರೆ ನಿಲ್ಲಿಸುವುದು ಹೇಗೆ?

ಆರ್ವಿಲ್ ಮನೆ ಹಿಡಿದು ಕೂರುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವನು ಆಸ್ಪತ್ರೆ ಹಿಡಿದ. ಸಂಬಳವಿಲ್ಲದೆ ಸೇವೆ ಮಾಡುವವರಿಗೆ ಕೊಡುವ ನೀಲಿ ಕೋಟು ತೊಟ್ಟು, ಬುಟ್ಟಿ ತುಂಬ ಕೆಂಪು ಗೆರೆಯ ಪೆಪ್ಪರ್‌ಮೆಂಟ್ ಇಟ್ಟುಕೊಂಡು, ದಿನಾ ಕೋಣೆಯಿಂದ ಕೋಣೆಗೆ ಹೋಗಿ ಹಂಚತೊಡಗಿದ. ಮಕ್ಕಳು ಅವನನ್ನು ಪೆಪ್ಪರ್‌ಮೆಂಟ್ ತಾತ ಎಂದವು. ಬಾಗಿಲಲ್ಲಿ 'ಬಾಯಿಗೆ ಏನೂ ಕೊಡಬಾರದು' ಎಂಬ ಬೋರ್ಡು ಕಂಡರೆ ಅಲ್ಲೇ ನಿಂತುಬಿಡುತ್ತಿದ್ದ. ಬರುವ ಹೋಗುವ ನರ್ಸನ್ನೆಲ್ಲ ತಡೆದು, "ಇವ್ರ ಸಕ್ಕರೆ ನೋಡಿದ್ರಾ? ಇನ್ನೊಂದು ಸಲ ನೋಡ್ರವ್ವ" ಎಂದು ಬೇಡುತ್ತಿದ್ದ. ಹೊಸ ಹುಡುಗಿಯರು ಅವನ ಬೆನ್ನ ಹಿಂದೆ ಕಿಸಕ್ಕೆಂದು ನಗುತ್ತಿದ್ದರು. ಆಸ್ಪತ್ರೆಯ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ದುಃಖವನ್ನು ಸೇವೆಯಾಗಿ ಮಾಡಿಕೊಂಡ ಮಹನೀಯ ಎಂದು ಅದರ ಕೆಳಗೆ ಬರೆದಿದ್ದರು. ಇಂಥದ್ದನ್ನು ಬರೆಯುವಾಗ ಕೈ ಹೇಗೆ ನಡುಗುವುದಿಲ್ಲವೋ ದೇವರೇ ಬಲ್ಲ.

ನೋಲಾ ಇದನ್ನೆಲ್ಲ ದಿನಾ ನೋಡಬೇಕಿತ್ತು. ಅವಳು ಕಂಡ ಕೂಡಲೇ ಆರ್ವಿಲ್ ಬುಟ್ಟಿಯ ತಳಕ್ಕೆ ಕೈಹಾಕಿ ದೊಡ್ಡದೊಂದನ್ನು ಆರಿಸಿ ಕೊಡುತ್ತಿದ್ದ. "ನೀನು ನನಗೆ ಸುಳ್ಳು ಸಮಾಧಾನ ಹೇಳ್ಲಿಲ್ಲ ನೋಡು. ಬೇರೆಯವ್ರಾಗಿದ್ರೆ ಏನೇನೋ ಹೇಳಿ ಸಾಗಹಾಕ್ತಿದ್ರು" ಎನ್ನುತ್ತಿದ್ದ. ಆ ಪೆಪ್ಪರ್‌ಮೆಂಟನ್ನು ಅವಳು ಎಂದೂ ತಿನ್ನಲಿಲ್ಲ. ಎಸೆಯಲೂ ಆಗಲಿಲ್ಲ. ಕೋಟಿನ ಜೇಬಿನಲ್ಲಿ ಕರಗಿ ಅಂಟಾಗಿ, ಒಗೆಯುವಾಗ ನೀರೆಲ್ಲ ಕೆಂಪಾಗುತ್ತಿತ್ತು.

ಗೋಡೆಯ ಕೊಕ್ಕೆಗಳನ್ನು ಕಿತ್ತರು. ಆ ಜಾಗದಲ್ಲಿ ರೋಗಿಯ ಸುರಕ್ಷತೆಯೇ ನಮ್ಮ ಧ್ಯೇಯ ಎಂಬ ಚಿತ್ರಪಟ ಹಾಕಿದರು. ಸ್ಕ್ಯಾನರಿನ ವೈರು ಗಿಡ್ಡವಾಗಿಯೇ ಇತ್ತು. ಸ್ವಲ್ಪ ದಿನದಲ್ಲಿ ಎರಡನೆಯ ಪಟ್ಟಿಗಳು ನರ್ಸುಗಳ ಜೇಬಿನಲ್ಲಿ ಕಾಣಿಸಿಕೊಂಡವು. ನೋಲಾ ಮತ್ತೆ ಬರೆದಳು, ಮತ್ತೆ ಧನ್ಯವಾದ ಬಂತು.

ಒಂದು ವರ್ಷ ಕಳೆದ ಮೇಲೆ ಆ ದೂರದ ಆಫೀಸಿನಿಂದ ಎಲ್ಲ ಆಸ್ಪತ್ರೆಗಳಿಗೂ ಒಂದು ಪುಟ್ಟ ಪುಸ್ತಿಕೆ ಬಂತು. ಒಂದು ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಇನ್ನೊಬ್ಬರ ಇನ್ಸುಲಿನ್ ಹೋಯಿತು, ಕಾರಣ ಗೋಡೆಗೆ ನೇತುಹಾಕಿದ ಪಟ್ಟಿ ಎಂದು ಅದರಲ್ಲಿತ್ತು. ಊರಿಲ್ಲ, ಹೆಸರಿಲ್ಲ, ಬೆಚ್ಚಗಿನ ಕೈಯಿಲ್ಲ. ನೋಲಾ ತನ್ನದೇ ಕಥೆಯನ್ನು ಕ್ಯಾಂಟೀನಿನಲ್ಲಿ ನಿಂತು ಓದಿದಳು.

"ನೋಡ್ದ್ಯಾ, ನೀನು ಬರ್ದಿದ್ರಿಂದ ಎಲ್ಲೋ ಯಾರೋ ಬದುಕ್ತಾರೆ" ಎಂದಳು ಗ್ವೆನ್. ನಿಜವೇ ಇರಬಹುದು. ಎಲ್ಲೋ ಯಾವುದೋ ರಾಜ್ಯದಲ್ಲಿ ಯಾರೋ ಕೊಕ್ಕೆ ಕಿತ್ತಿರಬಹುದು, ಯಾವುದೋ ಹೆಂಗಸು ಆಪರೇಷನ್ ಮುಗಿಸಿಕೊಂಡು ಗಂಡನ ಜೊತೆ ಮನೆಗೆ ಹೋಗಿರಬಹುದು. ಆದರೆ ಕ್ಯಾಂಟೀನಿನ ಬಾಗಿಲಲ್ಲಿ ಆರ್ವಿಲ್ ಬುಟ್ಟಿ ಹಿಡಿದು ನಿಂತಿದ್ದ. ನೋಲಾ ಪುಸ್ತಿಕೆಯನ್ನು ಮಡಚಿ ಟ್ರೇಯ ಕೆಳಗೆ ತೂರಿಸಿದಳು.

ಹೀಗೇ ವರ್ಷಗಳು ಕಳೆದವು. ಒಂದು ಚಳಿಗಾಲ ಲೊವೆಲ್‌ನ ಉಸಿರು ನಿಂತಿತು. ವಸಂತಕ್ಕೆ ನೋಲಾ ನಿವೃತ್ತಿ ಕೇಳಿಕೊಂಡಳು. ಕೊನೆಯ ದಿನ ಕೇಕ್ ಕತ್ತರಿಸಿದ ಮೇಲೆ ಗ್ವೆನ್ ಜೊತೆ ಒಬ್ಬಳೇ ಕೂತಿದ್ದಾಗ ನೋಲಾ ಕೇಳಿದಳು: "ಈಗ ನಾನು ಆರ್ವಿಲ್‌ಗೆ ಹೇಳಿದ್ರೆ ಕಾನೂನು ನನ್ನನ್ನ ಹಿಡಿಯುತ್ತಾ?"

ಗ್ವೆನ್ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಆವಾಗ್ಲೂ ಹಿಡೀತಿರ್ಲಿಲ್ಲ ನೋಲಾ. ಬೀಗ ಇರೋದು ನೀನು ಬರ್ದುಕೊಟ್ಟಿದ್ದಕ್ಕೆ ಮಾತ್ರ. ನಿನ್ನ ಕೈ ಏನು ಮಾಡ್ತು, ನಿನ್ನ ಕಣ್ಣು ಏನು ನೋಡ್ತು ಅನ್ನೋದಕ್ಕೆ ಬೀಗ ಇಲ್ಲ. ಕೇಸ್ ಶೀಟಲ್ಲೂ ಅದು ಇರ್ಬೇಕಿತ್ತು. ಕಾನೂನಲ್ಲೇ ಹಂಗಿದೆ."

"ಮತ್ತೆ ವಕೀಲ..."

"ವಕೀಲ್ರು ಸುಳ್ಳೇನೂ ಹೇಳ್ಲಿಲ್ಲ. ಮಾತಾಡ್ಬೇಡಿ ಅಂದ್ರು, ಅಷ್ಟೇ."

"ನಿನಗೆ ಗೊತ್ತಿತ್ತಾ?"

ಗ್ವೆನ್ ಅಳತೊಡಗಿದಳು. ನೋಲಾ ಅವಳನ್ನು ತಬ್ಬಿಕೊಳ್ಳಲಿಲ್ಲ.

ಮರುದಿನವೇ ಅವಳು ಆರ್ವಿಲ್‌ನ ಮನೆಗೆ ಹೋದಳು. ಅಡುಗೆಮನೆಯಲ್ಲಿ ಅವನು ಹುರುಳಿಕಾಳಿನಂಥ ಕಂದು ಬೀನ್ಸ್ ಬೇಯಲಿಟ್ಟಿದ್ದ. ಮುದುಕನಾಗಿದ್ದ, ಎತ್ತರ ಬಾಗಿತ್ತು. ಮೇಜಿನ ಮೇಲೆ ಬುಟ್ಟಿ ಇತ್ತು, ಕಿಟಕಿಯ ಹತ್ತಿರ ಇಮೊಜೀನ್‌ಳ ಫೋಟೋ ಇತ್ತು. ಫೋಟೋದ ಮುಂದೆ ಒಂದು ಪೆಪ್ಪರ್‌ಮೆಂಟ್.

ನೋಲಾ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ಹೀಟರಿನಿಂದ ಹಿಡಿದು ಹೇಳಿದಳು. ಪಟ್ಟಿ, ಹಸಿರು ಬಣ್ಣ, ಸೂಜಿ. "ನನ್ನ ಕೈಯಿಂದ ಆಗಿದ್ದು ಅಣ್ಣ. ನಿಮ್ಮ ಪೆಪ್ಪರ್‌ಮೆಂಟಿಂದಲ್ಲ. ಅವ್ರು ನಡುಗಿದ್ದೇ ನಾನು ಕೊಟ್ಟ ಇನ್ಸುಲಿನ್‌ನಿಂದ. ನಿಮ್ಮದೇನೂ ತಪ್ಪಿಲ್ಲ."

ಆರ್ವಿಲ್ ಒಲೆಯ ಉರಿ ಸಣ್ಣ ಮಾಡಿದ. ಬಂದು ಕೂತ.

"ಇದೆಲ್ಲ ಎಲ್ಲಾದ್ರೂ ಬರ್ದಿದೆಯೇನವ್ವ?"

"ಬರ್ದಿದೀನಿ. ಅವತ್ತೇ ಬರ್ದುಕೊಟ್ಟೆ. ಆದ್ರೆ ಅದನ್ನ ಯಾರಿಗೂ ತೋರ್ಸಲ್ಲ. ಕಾನೂನಿನ ಬೀಗ ಇದೆ ಅದಕ್ಕೆ."

"ಅವಳ ಕೇಸ್ ಶೀಟು ನನ್ನ ಹತ್ರ ಇದೆ. ಆಗ್ಲೇ ತರಿಸ್ಕೊಂಡಿದ್ದೆ. ಲಾಯರಿಗೂ ತೋರಿಸ್ದೆ. ಅದ್ರಲ್ಲಿ ಇನ್ಸುಲಿನ್ ಅನ್ನೋ ಮಾತೇ ಇಲ್ಲ."

"ಅದಕ್ಕೇ ಹೇಳ್ತಿರೋದು ಅಣ್ಣ, ಅದ್ರಲ್ಲಿ ಹಾಕ್ಲಿಲ್ಲ. ನನ್ನ ಮಾತು ನಂಬಿ. ಅವ್ರು ನನಗೆ 'ನಿನ್ನ ಕೈ ಬೆಚ್ಚಗಿದೆ ಕಣವ್ವ' ಅಂದಿದ್ರು."

ಅವನ ಮುಖ ಅರಳಿತು. ಇಷ್ಟು ವರ್ಷಗಳಲ್ಲಿ ಅವಳು ನೋಡಿರದ ನಗು ಅದು. ಒಂದು ಗಳಿಗೆ ನೋಲಾಗೆ ಅವನು ನಂಬಿದನೆಂದೇ ಅನಿಸಿತು.

"ಎಲ್ಲಾ ನರ್ಸಿಗೂ ಹಂಗೇ ಅಂತಿದ್ಲು ಕಣವ್ವ" ಎಂದ ಆರ್ವಿಲ್. ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟ. "ನಿನ್ನ ಮನಸ್ಸು ದೊಡ್ಡದು. ಗಂಡ ಹೋದ ದುಃಖದಲ್ಲೂ ಈ ಮುದುಕ ನಿದ್ದೆ ಮಾಡ್ಲಿ ಅಂತ ಇಷ್ಟು ದೂರ ಬಂದು, ಕೊಲೆ ನಿನ್ನ ತಲೆ ಮೇಲೆ ಹಾಕ್ಕೋತಿದೀಯಲ್ಲ."

"ಅಣ್ಣ, ನಾನು ಸುಳ್ಳು ಹೇಳ್ತಿಲ್ಲ!"

"ಅವತ್ತು ನಾನು ನಿನ್ನನ್ನೇ ಕೇಳಿದ್ದೆ. ಬೇರೆ ಏನಾದ್ರೂ ಆಗಿತ್ತಾ ಅಂತ. ಏನೂ ಆಗಿಲ್ಲ ಅಂದೆ. ಎರಡು ಸಲ ಅಂದೆ. ಹೆಂಡ್ತೀನ ಮಣ್ಣು ಮಾಡಿ ಬಂದಿರೋ ಮನುಷ್ಯನ ಮುಂದೆ ನಿಂತ್ಕೊಂಡು ಸುಳ್ಳು ಹೇಳೋಳಲ್ಲ ನೀನು. ನಿನ್ನನ್ನ ಬಲ್ಲೆ ನಾನು."

ನೋಲಾ ಅತ್ತಳು, ಅಂಗಲಾಚಿದಳು, ಬೈಬಲ್ ಮುಟ್ಟಿ ಹೇಳುತ್ತೇನೆ ಎಂದಳು. ಅವನು ಬೈಬಲ್ ಕೊಡಲಿಲ್ಲ. ಒಳ್ಳೆಯ ಹೆಂಗಸು ತನಗೋಸ್ಕರ ಪಾಪ ಕಟ್ಟಿಕೊಳ್ಳುವುದು ಬೇಡವೆಂದ. ಬುಟ್ಟಿಯ ತಳಕ್ಕೆ ಕೈಹಾಕಿ ದೊಡ್ಡದೊಂದು ಪೆಪ್ಪರ್‌ಮೆಂಟ್ ಆರಿಸಿ, ಕಾಗದ ಬಿಚ್ಚಿ, ಅಳುವ ಮಗುವಿಗೆ ಕೊಡುವ ಹಾಗೆ ಅವಳ ಬಾಯಿಗೇ ಇಟ್ಟ. ಬಾಗಿಲವರೆಗೂ ಬಂದು ಬೀಳ್ಕೊಟ್ಟ.

"ಇನ್ಯಾರ ಮುಂದೇನೂ ಹಿಂಗೆಲ್ಲ ಹೇಳ್ಬೇಡವ್ವ. ಜನ ನಿಜ ಅಂದ್ಕೊಂಡಾರು."

ಆ ಶನಿವಾರ ಪೇಟೆಯಲ್ಲಿ ಆರ್ವಿಲ್ ಎದುರಿಗೆ ಬರುತ್ತಿದ್ದ. ದೂರದಿಂದಲೇ ಅವಳನ್ನು ಕಂಡು ಕೈಯೆತ್ತಿದ. ನೋಲಾ ರಸ್ತೆ ದಾಟಿ ಆಚೆ ಬದಿಗೆ ಹೋದಳು.